ಮೊದಲ ಪೈಗಾಮ್: ನೆನೆದ ಧಾನ್ಯ ಮೇಲಿರಲಿ



ಮದ್ರಸದಲ್ಲಿ ಓದಿ, ಬಳಿಕ ಕನ್ನಡದಲ್ಲಿ ಬಿ.ಎ. ಮಾಡಿದವರಿಗೆ ನಮ್ಮ ಕೋಲಾರದಂತಹ ಊರಿನಲ್ಲಿ ಸಂಬಳವಿಲ್ಲದ ಉದ್ಯೋಗವೊಂದು ತಾನಾಗಿಯೇ ಒದಗಿಬರುತ್ತದೆ. ಅದು ಬರೆದುಕೊಡುವ ಉದ್ಯೋಗ. ತಹಶೀಲ್ದಾರರಿಗೆ ಅರ್ಜಿ, ಬ್ಯಾಂಕಿಗೆ ಮನವಿ, ಜಮಾಅತಿನ ನೋಟೀಸು, ನಿಕಾಹಿನ ಕರೆಯೋಲೆ, ಎಲ್ಲವೂ ನಮ್ಮ ಬಳಿಗೆ ಬರುತ್ತವೆ. ಕೆಲವು ವರ್ಷಗಳಿಂದ ಈ ಪಟ್ಟಿಗೆ ಹೊಸದೊಂದು ಸೇರಿಕೊಂಡಿದೆ. ಮಗ್ರಿಬ್ ನಮಾಝ್ ಮುಗಿದು ಜನ ಚದುರಿದ ಮೇಲೆ ಯುವಕನೊಬ್ಬ ಕಂಬದ ಮರೆಯಿಂದ ಮೆಲ್ಲನೆ ಬಂದು, ಫೋನನ್ನು ನಮ್ಮ ಮುಂದೆ ಹಿಡಿದು, "ಹಜ್ರತ್, ಹುಡುಗಿಯ ಮನೆಯವರಿಗೆ ಮೊದಲು ಏನೆಂದು ಬರೆಯಲಿ?" ಎಂದು ಕೇಳುತ್ತಾನೆ. ವಿವಾಹ ಸಂಬಂಧದ ಜಾಲತಾಣದಲ್ಲಿ ಒಂದು ಕುಟುಂಬದ ವಿವರ ಅವನಿಗೆ ಮೆಚ್ಚುಗೆಯಾಗಿದೆ. ಮೊದಲ ಮಾತು ಬರೆಯಬೇಕು. ಕೈ ಓಡುತ್ತಿಲ್ಲ.

ಹೀಗೆ ಬರೆದುಕೊಟ್ಟ ಸಂದೇಶವೊಂದು ಕಳೆದ ಮಾವಿನ ಸುಗ್ಗಿಯಲ್ಲಿ ತಿರುಗಿ ನಮ್ಮ ಕೈಗೇ ಬಂದಿತು. ಅಂದು ನಮಗಾದ ನಾಚಿಕೆಯನ್ನು ಮುಚ್ಚಿಟ್ಟುಕೊಂಡು ಇತರರಿಗೆ ಬೋಧಿಸುವುದು ಸರಿಯಲ್ಲವೆಂದು ತೋರಿದ್ದರಿಂದ ಈ ಬರಹ.

ನಮ್ಮ ಬಾಲ್ಯ ಕಳೆದದ್ದು ಮುಳಬಾಗಿಲಿನಲ್ಲಿ. ಅಲ್ಲಿ ಸಂಬಂಧಗಳನ್ನು ಮನೆಯಿಂದ ಮನೆಗೆ ಹೊತ್ತು ತರುತ್ತಿದ್ದ ವೃದ್ಧೆಯೊಬ್ಬರಿದ್ದರು. ನಾವೆಲ್ಲ ಅವರನ್ನು ನಾನಿ ಎಂದೇ ಕರೆಯುತ್ತಿದ್ದೆವು. ಸೊಂಟದಲ್ಲಿ ಎಲೆಯಡಿಕೆಯ ಚೀಲ, ತಲೆಯ ಮೇಲೆ ಬಿಳಿಯ ದುಪಟ್ಟಾ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅವರದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಹೊಸ ಪೈಗಾಮ್ ಹಿಡಿದು ಬಂದ ದಿನ ಹುಡುಗನ ಕುಂದನ್ನು ಹೇಳಿ ಮುಗಿಸುವವರೆಗೆ ಅವರು ಆ ಮನೆಯ ಚಹಾ ಮುಟ್ಟುತ್ತಿರಲಿಲ್ಲ. "ಹುಡುಗನಿಗೆ ಒಂದು ಕಿವಿ ಮಂದ. ಮನೆಯಲ್ಲಿ ಸಾಲವಿದೆ. ತಾಯಿ ಬಾಯಿ ಜೋರು. ಈಗ ಹೇಳಿ, ಮುಂದಿನದು ಕೇಳುತ್ತೀರಾ, ನಾನು ಹೊರಡಲಾ?" ಎನ್ನುತ್ತಿದ್ದರು. ಕೇಳುತ್ತೇವೆ ಎಂದರೆ ಮಾತ್ರ ಕುಳಿತು ಹುಡುಗನ ಗುಣಗಳನ್ನು ಬಿಡಿಸುತ್ತಿದ್ದರು. ಅವರು ತಂದ ಸಂಬಂಧಗಳಲ್ಲಿ ಮುರಿದದ್ದು ಕಡಿಮೆ ಎಂದು ನಮ್ಮ ತಾಯಿ ಈಗಲೂ ಹೇಳುವುದುಂಟು.

ಆ ನಾನಿಯಂತಹವರು ಈಗ ಇಲ್ಲ. ಇದ್ದರೂ ಅವರ ಕಾಲಿಗೆ ಎಟುಕದಷ್ಟು ದೂರ ನಮ್ಮ ಮನೆಗಳು ಚದುರಿಹೋಗಿವೆ. 2001ರ ಫೆಬ್ರವರಿ 28ರಂದು ಕೆ.ಜಿ.ಎಫ್.ನ ಚಿನ್ನದ ಗಣಿ ಮುಚ್ಚಿದ ಮೇಲೆ ಎಷ್ಟೋ ಕುಟುಂಬಗಳ ಬದುಕು ಬೆಂಗಳೂರಿನ ರೈಲಿಗೆ ಅಂಟಿಕೊಂಡಿತು. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಹುಡುಗನ ಚಿಕ್ಕಪ್ಪ ಗಲ್ಫಿನಲ್ಲಿ, ಅತ್ತೆ ಚಿತ್ತೂರಿನಲ್ಲಿ, ಅಣ್ಣ ಹೊಸೂರಿನಲ್ಲಿ. ಒಂದೇ ಮಸೀದಿಯ ನೆರಳಿನಲ್ಲಿ ಬೆಳೆದವರು ಇಂದು ಒಬ್ಬರ ಮಕ್ಕಳ ಮುಖವನ್ನು ಇನ್ನೊಬ್ಬರು ಅರಿಯರು. ಆದ್ದರಿಂದ ತಂದೆತಾಯಿಗಳೇ ಮಕ್ಕಳ ವಿವರವನ್ನು ಜಾಲತಾಣದಲ್ಲಿ ಬರೆಸುತ್ತಿದ್ದಾರೆ. ಇದನ್ನು ನಾವು ತಪ್ಪೆನ್ನಲಾರೆವು.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸುವುದು ಅಗತ್ಯ. ಪ್ರೇಮದ ಹೆಸರಿನಲ್ಲಿ ಪರಿಚಯ ಬೆಳೆಸಿ, ಹಿರಿಯರಿಂದ ಮರೆಯಲ್ಲಿ ಭೇಟಿಯಾಗುವ ಡೇಟಿಂಗ್ ಆ್ಯಪ್‌ಗಳ ದಾರಿ ನಮ್ಮದಲ್ಲ. ನಿಕಾಹಿನ ಉದ್ದೇಶವನ್ನು ಮೊದಲೇ ಸಾರಿ, ವಲಿಯ ಅರಿವಿನಲ್ಲಿ ಸಂಬಂಧ ಕೇಳುವುದು ಬೇರೆ. ಕೇಂದ್ರ ಸರ್ಕಾರವೂ 2016ರಲ್ಲಿ ವಿವಾಹ ಜಾಲತಾಣಗಳಿಗೆ ಸೂಚನೆಗಳನ್ನು ಹೊರಡಿಸಿ, ತಮ್ಮದು ವಿವಾಹಕ್ಕಾಗಿ ಮಾತ್ರ ಇರುವ ತಾಣ, ಡೇಟಿಂಗ್ ತಾಣವಲ್ಲ ಎಂದು ಅವು ಘೋಷಿಸಬೇಕು, ಬಳಕೆದಾರರ ಗುರುತನ್ನು ಪರಿಶೀಲಿಸಬೇಕು ಎಂದು ತಿಳಿಸಿತು. ಮಧ್ಯಸ್ಥರ ಮೂಲಕ ಸಂಬಂಧ ಕೇಳುವುದು ನಮ್ಮಲ್ಲಿ ಹೊಸದೂ ಅಲ್ಲ. ಹಝ್ರತ್ ಖದೀಜಾ(ರ) ಅವರು ಪ್ರವಾದಿ(ಸ)ರ ಮನಸ್ಸನ್ನು ಅರಿಯಲು ತಮ್ಮ ಗೆಳತಿ ನಫೀಸಾ ಬಿಂತ್ ಮುನ್ಯಾ ಅವರನ್ನು ಕಳುಹಿಸಿದ ಸಂಗತಿ ಸೀರತ್ ಗ್ರಂಥಗಳಲ್ಲಿದೆ. ಅಂದರೆ ಅಲ್ಲಿ ಮೊದಲ ಸಂದೇಶ ಹೊರಟದ್ದು ಹೆಣ್ಣಿನ ಕಡೆಯಿಂದ. ನಫೀಸಾ ಅವರು ಮಾಡಿದ ಕೆಲಸವನ್ನು ಇಂದು ಒಂದು ಯಂತ್ರ ಮಾಡುತ್ತಿದೆ. ಆದರೆ ನಫೀಸಾ ಇಬ್ಬರನ್ನೂ ಬಲ್ಲವರಾಗಿದ್ದರು. ಯಂತ್ರಕ್ಕೆ ಇಬ್ಬರೂ ಗೊತ್ತಿಲ್ಲ. ನಾವು ಅದರ ಬಾಯಲ್ಲಿ ಹಾಕಿದ್ದನ್ನು ಅದು ಆ ಕಡೆಗೆ ದಾಟಿಸುತ್ತದೆ, ಅಷ್ಟೇ.

ಬಿ.ಎ. ತರಗತಿಯಲ್ಲಿದ್ದಾಗ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ರಂಗನ ಮದುವೆ' ಕತೆಯನ್ನು ನಾವು ಬಹಳ ಮೆಚ್ಚಿ ಓದಿದ್ದೆವು. ಮಾಸ್ತಿಯವರು ನಮ್ಮ ಮಾಲೂರು ತಾಲ್ಲೂಕಿನವರು ಎಂಬ ಹೆಮ್ಮೆಯೂ ಅದಕ್ಕೆ ಸೇರಿತ್ತು. ಆ ಕತೆಯಲ್ಲಿ ಮದುವೆ ಕೂಡಿಸಲು ಹೊರಟವನು ಶಾಸ್ತ್ರಿಗಳಿಗೆ ಮೊದಲೇ ಪಾಠ ಹೇಳಿಕೊಟ್ಟು ರಂಗನನ್ನು ಒಪ್ಪಿಸುತ್ತಾನೆ. ಓದುಗರಿಗೆ ನಗು ಬರುತ್ತದೆ, ಯಾರಿಗೂ ಕೇಡಾಗುವುದಿಲ್ಲ. ಏಕೆಂದರೆ ಆ ಊರಿನಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು. ಹುಡುಗನಲ್ಲಿ ದೋಷವಿದ್ದರೆ ಬಾವಿಕಟ್ಟೆಯಲ್ಲೇ ಅದು ತಿಳಿದುಹೋಗುತ್ತಿತ್ತು. ಊರು ಕಾವಲಿದ್ದ ಕಾಲದಲ್ಲಿ ಮಧ್ಯಸ್ಥನ ಚಿಕ್ಕ ಜಾಣ್ಮೆ ಆಟವಾಗಿತ್ತು. ಊರೇ ಇಲ್ಲದ ಫೋನಿನಲ್ಲಿ ಅದೇ ಜಾಣ್ಮೆ ಮೋಸವಾಗುತ್ತದೆ. ಇದನ್ನು ನಾವು ತಡವಾಗಿ ಕಲಿತೆವು.

ನಮ್ಮ ಬಳಿ ಚಿಕ್ಕಂದಿನಲ್ಲಿ ಓದಿದ್ದ ಶಿಷ್ಯನೊಬ್ಬ ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ನಮಾಝಿನಲ್ಲಿ ನಿಷ್ಠೆಯುಳ್ಳವನು, ದುಡಿಮೆಗಾರ. ಅವನಿಗೆ ಒಮ್ಮೆ ನಿಕಾಹ್ ಆಗಿ, ಎಂಟು ತಿಂಗಳಲ್ಲಿ ಖುಲಾದಲ್ಲಿ ಕೊನೆಗೊಂಡಿತ್ತು. ಆ ಮಾತುಕತೆಯಲ್ಲಿ ನಾವೂ ಕುಳಿತಿದ್ದೆವು. ತಪ್ಪು ಯಾರದೆಂದು ಬೆರಳು ಮಾಡಿ ಹೇಳುವಂತಹದ್ದೇನೂ ಅಲ್ಲಿರಲಿಲ್ಲ. ಎರಡು ವರ್ಷಗಳ ನಂತರ ಅವನೂ ಕಂಬದ ಮರೆಯಿಂದ ಬಂದ. ನಾವು ಕುಳಿತು ಸೊಗಸಾದ ಸಂದೇಶವೊಂದನ್ನು ಬರೆದೆವು. ಅದರಲ್ಲಿ "ಮಾವಿನ ತೋಪಿನ ನೆರಳಿನಂತಹ ಸಂಸಾರ" ಎಂಬ ಮಾತಿತ್ತು. ಬರೆದು ನಾವೇ ಎರಡು ಬಾರಿ ಓದಿಕೊಂಡು ಸಂತೋಷಪಟ್ಟೆವು. ಕೊನೆಯಲ್ಲಿ, "ಮೊದಲ ನಿಕಾಹಿನ ಮಾತು?" ಎಂದು ಕೇಳಿದೆವು. ಅವನು ತಲೆ ತಗ್ಗಿಸಿ, "ಮೊದಲೇ ಅದನ್ನು ಬರೆದರೆ ಯಾರು ಉತ್ತರ ಕೊಡುತ್ತಾರೆ ಹಜ್ರತ್? ಮಾತು ಮುಂದುವರಿದ ಮೇಲೆ ನಾನೇ ಹೇಳುತ್ತೇನೆ" ಎಂದ. ನಮಗೆ ಕನಿಕರವೆನಿಸಿತು. ಸುಮ್ಮನಾದೆವು. ಜಾಲತಾಣದ ಅರ್ಜಿಯಲ್ಲಿ ಅವನು ಏನು ತುಂಬಿದ್ದಾನೆಂದು ನೋಡುವ ಗೋಜಿಗೂ ಹೋಗಲಿಲ್ಲ.

ಮೂರು ತಿಂಗಳು ಕಳೆದವು. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿರುವ ನಮ್ಮ ಹಳೆಯ ಗೆಳೆಯರೊಬ್ಬರು ಬರಹೇಳಿದರು. ಸುಗ್ಗಿಯ ಕಾಲ. ರಸ್ತೆಯ ಇಕ್ಕೆಲಗಳಲ್ಲೂ ಹಣ್ಣಿನ ಲಾರಿಗಳು, ಮಂಡಿಯ ನೆಲದ ತುಂಬ ಬಾದಾಮಿ, ತೋತಾಪುರಿಗಳ ರಾಶಿ. ಗೆಳೆಯರು ನಮ್ಮನ್ನು ಒಳಗೆ ಕೂರಿಸಿ, ಫೋನು ತೆರೆದು ಮುಂದಿಟ್ಟರು. "ಹಜ್ರತ್, ಮಗಳಿಗೊಂದು ಪೈಗಾಮ್ ಬಂದಿದೆ. ಹುಡುಗ ಕೋಲಾರದ ಕಡೆಯವನು, ನಿಮಗೆ ಗೊತ್ತಿರಬಹುದು. ಎಷ್ಟು ಚೆನ್ನಾಗಿ ಬರೆದಿದ್ದಾನೆ ನೋಡಿ. ಮಾವಿನ ತೋಪಿನ ನೆರಳಂತೆ! ನಮ್ಮ ಕಸುಬು ತಿಳಿದೇ ಬರೆದವನಂತೆ. ಮಗಳಿಗೂ ಹಿಡಿಸಿದೆ" ಎಂದರು.

ನಮ್ಮ ವಾಕ್ಯಗಳು ನಮ್ಮನ್ನೇ ನೋಡುತ್ತಿದ್ದವು. ಅದರ ಮೇಲಿನ ಅರ್ಜಿಯಲ್ಲಿ ವೈವಾಹಿಕ ಸ್ಥಿತಿಯ ಮುಂದೆ 'ಅವಿವಾಹಿತ' ಎಂದಿತ್ತು.

ಆಗ ಹೊರಗೆ ಗೆಳೆಯರ ಆಳೊಬ್ಬ ಪೆಟ್ಟಿಗೆಗೆ ಹಣ್ಣು ತುಂಬುತ್ತಿದ್ದ. ಗಾಯದ ಹಣ್ಣುಗಳನ್ನು ಅಡಿಗೆ ಹಾಕಿದ್ದನ್ನು ಕಂಡ ಗೆಳೆಯರು ಕುಳಿತಲ್ಲಿಂದಲೇ ಗದರಿ ಅದನ್ನು ಸುರಿಸಿದರು. ನಮಗೆ ಪ್ರವಾದಿ(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟ ಘಟನೆ ನೆನಪಾಯಿತು. ಇಮಾಮ್ ಮುಸ್ಲಿಮರ ಸಂಗ್ರಹದಲ್ಲಿರುವ ಈ ಹದೀಸನ್ನು ನಾವೇ ಎಷ್ಟೋ ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇವೆ. ರಾಶಿಯ ಒಳಗೆ ಬೆರಳಿಗೆ ತೇವ ತಗುಲಿತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಪ್ರವಾದಿ(ಸ)ರು ಪ್ರಶ್ನಿಸಿದರು, ವಂಚಿಸುವವನನ್ನು ತಮ್ಮಿಂದ ಹೊರಗಿಟ್ಟು ಮಾತನಾಡಿದರು. ಮಳೆ ಬಿದ್ದದ್ದು ವ್ಯಾಪಾರಿಯ ತಪ್ಪಲ್ಲ. ನಿಕಾಹ್ ಮುರಿದದ್ದೂ ನಮ್ಮ ಶಿಷ್ಯನ ಅಪರಾಧವಾಗಿರಲಿಲ್ಲ. ನೆನೆದದ್ದನ್ನು ಅಡಿಗೆ ಇಟ್ಟದ್ದು ತಪ್ಪು. ಅದರ ಮೇಲೆ ಒಣ ಧಾನ್ಯವನ್ನು ಹರಡಿಕೊಟ್ಟವರು ನಾವು.

ಏನು ಹೇಳಬೇಕು? ಶಿಷ್ಯನ ಗುಟ್ಟು ನಮ್ಮಲ್ಲಿ ಅಮಾನತ್. ಸಲಹೆ ಕೇಳಿದ ಗೆಳೆಯನ ಹಕ್ಕೂ ಅಮಾನತ್. ಫಾತಿಮಾ ಬಿಂತ್ ಕೈಸ್(ರ) ಅವರು ತಮಗೆ ಮುಆವಿಯಾ ಮತ್ತು ಅಬೂ ಜಹ್ಮ್ ಅವರಿಂದ ಬಂದ ಪೈಗಾಮ್‌ಗಳ ಬಗ್ಗೆ ಸಲಹೆ ಕೇಳಿದಾಗ ಪ್ರವಾದಿ(ಸ)ರು ಒಬ್ಬರ ಬಡತನವನ್ನೂ ಇನ್ನೊಬ್ಬರು ಹೆಗಲಿನಿಂದ ಕೋಲು ಇಳಿಸದವರು ಎಂಬುದನ್ನೂ ಮುಚ್ಚಿಡದೆ ತಿಳಿಸಿದರು, ಉಸಾಮಾ(ರ) ಅವರನ್ನು ವಿವಾಹವಾಗುವಂತೆ ಸೂಚಿಸಿದರು. ಇಮಾಮ್ ನವವಿಯವರು ರಿಯಾಝುಸ್ಸಾಲಿಹೀನ್‌ನಲ್ಲಿ ಇನ್ನೊಬ್ಬರ ದೋಷ ಹೇಳಲು ಅನುಮತಿಯಿರುವ ಆರು ಸಂದರ್ಭಗಳನ್ನು ಎಣಿಸುವಾಗ ವಿವಾಹದ ಸಲಹೆಯನ್ನೂ ಸೇರಿಸಿದ್ದಾರೆ. ಆದರೆ ಅಗತ್ಯವಿದ್ದಷ್ಟು ಮಾತ್ರ, ಮನಸ್ಸಿನ ಕಹಿ ತೀರಿಸಲು ಅಲ್ಲ. ನಾವು ಗೆಳೆಯರಿಗೆ, "ಭಾಯಿ, ಈ ಬರಹ ಹುಡುಗನದಲ್ಲ, ನಮ್ಮದು. ಇದರಲ್ಲಿ ಬರೆಯದೆ ಬಿಟ್ಟ ಒಂದು ಮಾತಿದೆ. ಅದನ್ನು ಅವನ ಬಾಯಿಂದಲೇ ಕೇಳುವುದು ಒಳ್ಳೆಯದು. ನಾಳೆ ಇಶಾ ತನಕ ಕಾಯಿರಿ. ಅವನು ಹೇಳದಿದ್ದರೆ ನಾವು ಹೇಳುತ್ತೇವೆ" ಎಂದೆವು. ಗೆಳೆಯರ ಮುಖ ಸಣ್ಣದಾಯಿತು. ಚಹಾ ತರಿಸಿದರು. ನಾನಿಯ ನೆನಪಾಗಿ ನಮಗೆ ಅದು ಗಂಟಲಿನಲ್ಲಿ ಇಳಿಯಲಿಲ್ಲ.

ಆ ರಾತ್ರಿಯೇ ಶಿಷ್ಯನಿಗೆ ಫೋನು ಮಾಡಿದೆವು. ಅದೇ ಸಂದೇಶವನ್ನು ಹೆಸರು ಕೂಡ ಬದಲಿಸದೆ ಹನ್ನೊಂದು ಮನೆಗಳಿಗೆ ಕಳುಹಿಸಿದ್ದಾಗಿ ಅವನು ಒಪ್ಪಿಕೊಂಡ. ಮೊದಲು ಸಿಟ್ಟಾದ. "ನೀವೇ ಬರೆದುಕೊಟ್ಟಿರಿ, ಈಗ ನೀವೇ ಕೆಡಿಸುತ್ತೀರಾ?" ಎಂದ. ಅವನ ಮಾತಿನ ಮೊದಲ ಅರ್ಧ ನಿಜವಾಗಿತ್ತು. ನಾವು ಕ್ಷಮೆ ಕೇಳಿದೆವು. ಮರುದಿನ ಸಂಜೆ ಅವನು ತನ್ನ ಕೈಯಿಂದಲೇ ಬರೆದು ಕಳುಹಿಸಿದ. ಅಕ್ಷರ ತಪ್ಪುಗಳಿದ್ದ ಆ ಐದಾರು ಸಾಲುಗಳ ಸಾರಾಂಶ ಇಷ್ಟು: ಹಿಂದಿನ ಸಂದೇಶ ಹಜ್ರತ್ ಬರೆದದ್ದು, ನನಗೆ ಅಷ್ಟು ಬರುವುದಿಲ್ಲ. ಮೊದಲು ನಿಕಾಹ್ ಆಗಿತ್ತು, ಖುಲಾ ಆಯಿತು, ಮಗು ಇಲ್ಲ. ಅವಿವಾಹಿತ ಎಂದು ತುಂಬಿದ್ದು ನನ್ನ ತಪ್ಪು, ಮಾಫ್ ಮಾಡಿ.

ಗೆಳೆಯರ ಮಗಳು ಕನ್ನಡ ಮಾಧ್ಯಮದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಅವಳು ತಂದೆಗೆ, "ಆ ಹಳೆಯ ನಿಕಾಹ್ ನನಗೆ ದೊಡ್ಡ ಮಾತಲ್ಲ ಅಬ್ಬಾ. ಆದರೆ ನಾನು ಒಪ್ಪಿದ್ದು ಆ ಕಾಗದವನ್ನು. ಆ ಕಾಗದ ಅವರದಲ್ಲವಲ್ಲ" ಎಂದಳಂತೆ. ಸಂಬಂಧ ಅಲ್ಲಿಗೆ ನಿಂತಿತು. ಅವಳ ಮನಸ್ಸಿಗೆ ನೋವಾಗಿತ್ತೆಂದು ಗೆಳೆಯರು ಹೇಳಿದರು. ಆ ನೋವಿನಲ್ಲಿ ನಮ್ಮ ಪಾಲು ಎಷ್ಟೆಂದು ಅಲ್ಲಾಹನು ಬಲ್ಲ.

ಅಂದಿನಿಂದ ಕಂಬದ ಮರೆಯ ಯುವಕರಿಗೆ ನಾವು ಬರೆದುಕೊಡುತ್ತಿಲ್ಲ. ಜೊತೆಯಲ್ಲಿ ಕುಳಿತು ಅವರಿಂದಲೇ ಬರೆಯಿಸುತ್ತೇವೆ. ಹಾಗೆ ಬರೆಯಿಸುವಾಗ ಹೇಳುವ ಕೆಲವು ಮಾತುಗಳನ್ನು ಇಲ್ಲಿಯೂ ಹೇಳುತ್ತೇವೆ.

ಪವಿತ್ರ ಕುರ್‌ಆನಿನ ನಮ್ಲ್ ಅಧ್ಯಾಯದಲ್ಲಿ ಪ್ರವಾದಿ ಸುಲೈಮಾನ್(ಅ) ಸಬಾದ ರಾಣಿಗೆ ಬರೆದ ಪತ್ರದ ಪ್ರಸ್ತಾಪವಿದೆ. ಅದು ವಿವಾಹದ ಪತ್ರವಲ್ಲ. ಆದರೆ ಅಪರಿಚಿತರಿಗೆ ಬರೆಯುವವರು ಅದರಿಂದ ಕಲಿಯಬೇಕಾದದ್ದಿದೆ. ಯಾರಿಂದ ಬಂದದ್ದು, ಯಾರ ನಾಮದಿಂದ ಆರಂಭ, ಉದ್ದೇಶವೇನು, ಮೂರೂ ಕೆಲವೇ ಮಾತುಗಳಲ್ಲಿ ಮುಗಿದಿವೆ. ಆ ಪತ್ರವನ್ನು ರಾಣಿ ಗೌರವಯುತವಾದದ್ದೆಂದು ತನ್ನ ಸಭೆಗೆ ತಿಳಿಸಿದಳು. ನಮ್ಮ ಯುವಕರ ಮೊದಲ ಸಂದೇಶವೂ ಹಾಗಿರಲಿ. ಸಲಾಮ್, ನಿಮ್ಮ ಹೆಸರು, ಊರು, ತಂದೆಯ ಹೆಸರು, ಮಾಡುವ ಕೆಲಸ, ನಿಕಾಹಿನ ಉದ್ದೇಶ. ಆ ಮನೆಯವರ ವಿವರದಲ್ಲಿ ನಿಮಗೆ ಹಿಡಿಸಿದ್ದೇನೆಂದು ಒಂದು ವಾಕ್ಯ. ಅದು ರೂಪದ ಹೊಗಳಿಕೆಯಾಗದಿರಲಿ. ಮೊದಲ ಸಂದೇಶದಲ್ಲೇ ಇನ್ನಷ್ಟು ಫೋಟೋ ಕೇಳುವುದು ಅಸಭ್ಯತೆ. ಸಂಬಂಧ ಕೇಳಿದವರನ್ನು ನೋಡಲು ನಮ್ಮ ಧರ್ಮ ಅನುಮತಿಸಿದೆ. ಮುಗೀರಾ ಬಿನ್ ಶುಅಬಾ(ರ) ಅವರಿಗೆ ಪ್ರವಾದಿ(ಸ)ರೇ ಹಾಗೆ ಸೂಚಿಸಿದ್ದರು. ಆದರೆ ಅದು ಹಿರಿಯರ ಸಮ್ಮುಖದಲ್ಲಿ, ಗಂಭೀರ ಉದ್ದೇಶ ಖಚಿತವಾದ ಮೇಲೆ.

ಭಾಷೆಯ ಬಗ್ಗೆಯೂ ಯೋಚಿಸಿರಿ. ನಮ್ಮ ಜಿಲ್ಲೆಯಲ್ಲಿ ಮನೆಯ ಮಾತು ಉರ್ದು, ಸಂತೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಉರ್ದು ಲಿಪಿ ಬಾರದ ಹುಡುಗಿಗೆ ಉರ್ದುವಿನ ಅಲಂಕಾರ, ಇಂಗ್ಲಿಷ್ ಒಗ್ಗದ ತಂದೆಗೆ ಇಂಗ್ಲಿಷಿನ ಒಣ ಜಂಬ, ಎರಡೂ ಬೇಡ. ಇಬ್ಬರಿಗೂ ಓದಲು ಬರುವ ಭಾಷೆಯೇ ಶ್ರೇಷ್ಠ. ಒಂದೇ ಒಕ್ಕಣೆಯನ್ನು ಹತ್ತಾರು ಮನೆಗಳಿಗೆ ಕಳುಹಿಸುವುದು ಯಾವ ಮನೆಯನ್ನೂ ನೋಡಿಲ್ಲವೆಂದು ಸಾರಿದಂತೆ.

ನೆನೆದ ಧಾನ್ಯ ಮೇಲಿರಲಿ. ಹಿಂದಿನ ನಿಕಾಹ್, ಮಕ್ಕಳು, ದೊಡ್ಡ ಕಾಯಿಲೆ, ಮನೆಯ ಹೊಣೆ, ಇವನ್ನು ಎರಡನೆಯ ಭೇಟಿಗೆ ಮುಂದೂಡಬೇಡಿ. ಕಾಯಿಲೆಯಂತಹ ವಿಷಯದ ವಿವರವನ್ನು ಜಾಲತಾಣದಲ್ಲಿ ಬಿಡಿಸಿ ಬರೆಯಬೇಕಿಲ್ಲ, ಹಿರಿಯರೊಂದಿಗೆ ಮಾತನಾಡಲಿಕ್ಕಿದೆ ಎಂಬ ಸೂಚನೆ ಸಾಕು. ಉಮ್ಮು ಸಲಮಾ(ರ) ಅವರಿಗೆ ಪ್ರವಾದಿ(ಸ)ರಿಂದಲೇ ಪೈಗಾಮ್ ಬಂದಾಗ ತಮಗೆ ಸಾಕಬೇಕಾದ ಮಕ್ಕಳಿದ್ದಾರೆ, ತಮ್ಮ ಸ್ವಭಾವದಲ್ಲಿ ಅಸೂಯೆ ಹೆಚ್ಚು ಎಂದು ಅವರು ಮುಂಚಿತವಾಗಿಯೇ ಹೇಳಿದರು. ಅದರಿಂದ ಸಂಬಂಧ ಮುರಿಯಲಿಲ್ಲ. ಆದರೆ ಸತ್ಯ ಹೇಳಿದವನ ಮುಖಕ್ಕೆ ಬಾಗಿಲು ಹಾಕುವ ಸಮಾಜವೂ ಈ ಸುಳ್ಳಿನಲ್ಲಿ ಪಾಲುದಾರ. ಹಝ್ರತ್ ಆಯಿಷಾ(ರ) ಅವರೊಬ್ಬರ ಹೊರತು ಪ್ರವಾದಿ(ಸ)ರ ಪತ್ನಿಯರೆಲ್ಲ ವಿಧವೆಯರು ಅಥವಾ ವಿಚ್ಛೇದಿತರಾಗಿದ್ದರು. ಹಾಗಿರುವಾಗ 'ಖುಲಾ' ಎಂಬ ಪದ ಕಂಡೊಡನೆ ಮುಂದಿನ ಸಾಲು ಓದದೆ ಫೋನು ಮುಚ್ಚುವ ನಾವು ಯಾವ ಸುನ್ನತನ್ನು ಪಾಲಿಸುತ್ತಿದ್ದೇವೆ?

ಹುಡುಗಿಯ ತಂದೆತಾಯಿಗಳಿಗೂ ಒಂದು ಮಾತು. ಒಪ್ಪಿಗೆ ಇಲ್ಲದಿದ್ದರೆ ಎರಡು ಸಾಲಿನಲ್ಲಿ ಹಾಗೆಂದು ತಿಳಿಸಿ, ದುಆ ಮಾಡಿ ಮುಗಿಸಿರಿ. ತಿಂಗಳುಗಟ್ಟಲೆ ಮೌನವಾಗಿ ಕಾಯಿಸುವುದು ಹಿಂಸೆ. ಬೇರೆಡೆ ಮಾತು ಗಟ್ಟಿಯಾಗಿದ್ದರೆ ಕೂಡಲೇ ತಿಳಿಸಿ, ಏಕೆಂದರೆ ಸಹೋದರನ ಪೈಗಾಮ್‌ನ ಮೇಲೆ ಇನ್ನೊಬ್ಬ ಪೈಗಾಮ್ ಕಳುಹಿಸುವುದನ್ನು ಹದೀಸ್ ತಡೆದಿದೆ. ಸಿಹಿಯಾದ ಮಾತಿಗೆ ಮರುಳಾಗದೆ ಅವನ ಮೊಹಲ್ಲಾದ ಮಸೀದಿಯಲ್ಲಿ, ದುಡಿಯುವ ಸ್ಥಳದಲ್ಲಿ ವಿಚಾರಿಸಿರಿ. ಮುಖ ತೋರಿಸದೆ ಆಸ್ಪತ್ರೆ, ಕಸ್ಟಮ್ಸ್, ಉಡುಗೊರೆ ಎಂದು ಹಣ ಕೇಳಿದರೆ ಅದು ಪೈಗಾಮ್ ಅಲ್ಲ, ಕಳ್ಳತನ. ಹಣ ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930 ಸಂಖ್ಯೆಗೆ ಕರೆ ಮಾಡಿರಿ. ಮೊದಲ ಮಾತಿನಲ್ಲೇ 'ಜೋಡೆ'ಯ ಹಣ ಅಥವಾ ವಾಹನದ ಸುಳಿವು ಕೊಡುವವರಿಗೆ 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ನೆನಪು ಮಾಡಿಕೊಡಿ. ಮಹರ್ ಕೊಡಬೇಕಾದವನು ವರ, ಪಡೆಯಬೇಕಾದವನಲ್ಲ.

ನಿಕಾಹಿನ ಖುತ್ಬಾದಲ್ಲಿ ನಾವು ಓದುವ ಅಹ್‌ಝಾಬ್ ಅಧ್ಯಾಯದ ವಚನವು ವಿಶ್ವಾಸಿಗಳಿಗೆ ನೇರವಾದ, ಸರಿಯಾದ ಮಾತನ್ನಾಡಲು ಆದೇಶಿಸುತ್ತದೆ. ಇಷ್ಟು ವರ್ಷ ಅದನ್ನು ಮದುವೆ ಚಪ್ಪರದಲ್ಲಿ ಓದುತ್ತಾ ಬಂದಿದ್ದೇವೆ. ಅಷ್ಟು ಹೊತ್ತಿಗೆ ಆಡಬೇಕಾದ ಮಾತುಗಳೆಲ್ಲ ಆಡಿ ಮುಗಿದಿರುತ್ತವೆ. ಆ ಆದೇಶ ಅನ್ವಯಿಸಬೇಕಾದದ್ದು ಮೊದಲ ಸಂದೇಶಕ್ಕೆ ಎಂಬುದು ಶ್ರೀನಿವಾಸಪುರದ ಮಂಡಿಯಲ್ಲಿ ಕುಳಿತ ಮೇಲೆಯೇ ನಮಗೆ ಹೊಳೆಯಿತು.

ನಮ್ಮ ಶಿಷ್ಯ ಐದು ತಿಂಗಳು ನಮ್ಮತ್ತ ಬರಲಿಲ್ಲ. ರಮಝಾನಿನ ಒಂದು ಸಂಜೆ ಇಫ್ತಾರಿನ ನಂತರ ಬಂದು ಪಕ್ಕದಲ್ಲಿ ಕುಳಿತ. ಅರ್ಜಿಯನ್ನು ತಿದ್ದಿದ್ದಾನೆ. ಸಂದೇಶಗಳನ್ನು ತಾನೇ ಬರೆಯುತ್ತಾನೆ, ಅಕ್ಷರ ತಪ್ಪು ನೋಡಲು ಮಾತ್ರ ನಮಗೆ ತೋರಿಸುತ್ತಾನೆ. ಸಂಬಂಧ ಇನ್ನೂ ಕೂಡಿ ಬಂದಿಲ್ಲ. ಉತ್ತರಗಳು ಮೊದಲಿಗಿಂತ ಕಡಿಮೆ ಬರುತ್ತವೆ ಎಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಬಂದ ಉತ್ತರ ನನಗೇ ಬಂದದ್ದು, ಹಜ್ರತ್" ಎಂದ.

ಅಲ್ಲಾಹನು ಅವನಿಗೂ ಆ ಹೆಣ್ಣುಮಗಳಿಗೂ ಒಳ್ಳೆಯ ಜೋಡಿಯನ್ನು ಕರುಣಿಸಲಿ. ನಮ್ಮ ಮಕ್ಕಳ ಮನೆಗಳನ್ನು ಸತ್ಯದ ಮೇಲೆ ಕಟ್ಟಲಿ. ನಮ್ಮ ಲೇಖನಿಯ ತಪ್ಪನ್ನು ಮನ್ನಿಸಲಿ. ಆಮೀನ್.